ಮೂರನೆಯ ಯಂತ್ರದ ಚೆಂಡುಹೂ

“ಇದಕ್ಕಷ್ಟ ಯಾಕವಾ ಹೂವು?”

ಮುರುಗೆಪ್ಪನ ತೋರುಬೆರಳಿಗೆ ಒಣಗಿ ಸುರುಟಿದ ಚೆಂಡುಹೂವಿನ ಎಸಳೊಂದು ಅಂಟಿಕೊಂಡಿತ್ತು. ಎದುರಿನ ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಕೆಳಗೊಂದು ಕೂತ ನಾಲ್ಕು ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಮೇಲಿನಿಂದ ಮೂರನೆಯದರ ಹಣೆಗೆ ಮಾತ್ರ ಮಾಸಿದ ಕುಂಕುಮದ ಬೊಟ್ಟು, ಗಾಳಿಕಿಂಡಿಯ ಸಂದಿಯಲ್ಲಿ ಇನ್ನೆರಡು ಎಸಳು. ಉಳಿದ ಮೂರರ ಹಣೆ ಬೋಳಾಗಿತ್ತು.

“ಆಯುಧಪೂಜೆದು ಸರ್,” ಎಂದಳು ರೇಣು, ಕೀಲಿಮಣೆಯಿಂದ ತಲೆ ಎತ್ತದೆ. “ಅದೊಂದನ್ನೇ ಪೂಜೆಗೆ ಕೂರ್ಸಿದ್ವಿ.”

“ಉಳದ ಮೂರು ಏನ ಪಾಪಾ ಮಾಡಿದ್ವು?”

ರೇಣು ನಕ್ಕಳು, ಆದರೆ ಮುರುಗೆಪ್ಪ ನಗಲಿಲ್ಲ. ದಸರೆಯ ಮರುದಿನ ಪುಣೆಯ ಕೋಥರೂಡದ ಮನೆಯಿಂದ ಒಬ್ಬ ವರನನ್ನು ನೋಡಲೆಂದು ಹೊರಟ ಶೀತಲ ಎಂಬ ಹುಡುಗಿ ಇನ್ನೂ ಹಿಂತಿರುಗಿಲ್ಲ, ಅವಳನ್ನು ಹುಡುಕುವ ಕೆಲಸ ಅವನದು. ಆ ವರನ ಪುಟ ಇದೇ ‘ಶುಭಗಂಟು’ ವಿವಾಹ ತಾಣದಲ್ಲಿತ್ತು, ಈಗ ಇಲ್ಲ. ಅಷ್ಟು ಸಾಕಿತ್ತು ಮನುಷ್ಯನ ನಗು ಒಣಗಿಸಲಿಕ್ಕೆ.

ಕೂತಲ್ಲಿ ಕೂರುವ ಜಾಯಮಾನ ಮೊದಲೇ ಮುರುಗೆಪ್ಪನದಲ್ಲ. ವಿಮಾ ಕಂಪನಿಗಾಗಿ ಸುಟ್ಟ ಗೋದಾಮು, ಮಗುಚಿದ ಲಾರಿಗಳ ತಪಾಸಣೆ ಮಾಡಿಯೇ ಕೂದಲು ಬೆಳ್ಳಗಾದವನು. ನಿವೃತ್ತನಾದ ಮೇಲೆ ಸದಾಶಿವ ಪೇಠದ ಟೈಪಿಂಗ್ ಕ್ಲಾಸೊಂದರ ಮಾಳಿಗೆಯಲ್ಲಿ ಪತ್ತೇದಾರಿಯ ಬೋರ್ಡು ಹಾಕಿದ. ಆ ಬೋರ್ಡಿನ ಕೆಳಗಿನ ಕುರ್ಚಿ ಈಗಲೂ ಅಂಗಡಿಯಿಂದ ತಂದ ದಿನ ಇದ್ದಷ್ಟೇ ಹೊಸದಾಗಿದೆ. ಇವತ್ತಂತೂ ಬೆಳಗಿನಿಂದ ಈ ಕೋಣೆಯಲ್ಲಿ ಅವನು ಎಷ್ಟು ಸುತ್ತು ಹಾಕಿದ್ದನೆಂದರೆ, ರೇಣುವಿಗೆ ಅವನ ಸ್ಕೂಟರ್ ಕೀಲಿಯ ಕಿಣಿಕಿಣಿ ಕಿವಿಯಲ್ಲೇ ಮನೆ ಮಾಡಿಕೊಂಡಿತ್ತು.

ನಾಲ್ಕು ಯಂತ್ರಗಳ ಕೆಲಸವನ್ನು ಅವಳು ಬೆಳಿಗ್ಗೆಯೇ ತಿಳಿಸಿಕೊಟ್ಟಿದ್ದಳು. ರಿವರ್ಸ್ ಪ್ರಾಕ್ಸಿ, ಕ್ಲಸ್ಟರ್, ಕ್ಯಾಶ್ ಎಂದು ಅವಳು ಹೇಳಿದ್ದನ್ನೆಲ್ಲ ಮುರುಗೆಪ್ಪ ಮನಸ್ಸಿನಲ್ಲೇ ಲಕ್ಷ್ಮೀ ರೋಡಿನ ಸೀರೆ ಅಂಗಡಿ ಮಾಡಿಕೊಂಡ. ಮೂಲೆಯಲ್ಲಿರುವ ಮೇನ್ ಸರ್ವರ್ ಎಂದರೆ ಗೋದಾಮು. ಗಿರಾಕಿ ಗೋದಾಮಿಗೆ ಬರುವುದಿಲ್ಲ, ಮುಂದಿನ ನಾಲ್ಕು ಕೌಂಟರುಗಳಲ್ಲಿ ಯಾವುದಾದರೊಂದಕ್ಕೆ ಬರುತ್ತಾನೆ. ಒಮ್ಮೆ ಗೋದಾಮಿನಿಂದ ತರಿಸಿದ್ದರ ಪ್ರತಿಯೊಂದನ್ನು ಕೌಂಟರಿನವನು ತನ್ನಲ್ಲೇ ಇಟ್ಟುಕೊಂಡಿರುತ್ತಾನೆ. ತನ್ನಲ್ಲಿ ಇಲ್ಲದ್ದನ್ನು ಕೇಳಿದರೆ ಗೋದಾಮಿಗೆ ಓಡುವ ಮೊದಲು ಪಕ್ಕದ ಕೌಂಟರನ್ನು ಕೂಗಿ ಕೇಳುತ್ತಾನೆ. ಅಲ್ಲಿದ್ದರೆ ಇಸಿದುಕೊಂಡು ಗಿರಾಕಿಗೆ ಕೊಡುತ್ತಾನೆ, ತಾನೂ ಒಂದು ಪ್ರತಿ ಇಟ್ಟುಕೊಳ್ಳುತ್ತಾನೆ.

ಈ ಹಂಚಿಕೆಯ ಏರ್ಪಾಟು ರೇಣುವಿನದೇ. ಮೊದಲು ನಾಲ್ಕೂ ತಮ್ಮ ಪಾಡಿಗೆ ತಾವಿದ್ದಾಗ, ನಿಶ್ಚಿತಾರ್ಥವಾಗಿದ್ದ ಹುಡುಗಿಯೊಬ್ಬಳ ಪುಟ ಮೂರು ಕಡೆ ಅಳಿಸಿ ಒಂದು ಕಡೆ ಉಳಿದುಬಿಟ್ಟು, ಬೀಗರು ಸೋಲಾಪುರದಿಂದ ಆಫೀಸಿಗೇ ಜಗಳಕ್ಕೆ ಬಂದಿದ್ದರು. ಅಂದಿನಿಂದ, ಅಳಿಸು ಎಂದು ಒಂದು ಆಜ್ಞೆ ಹೊರಟರೆ ನಾಲ್ಕಕ್ಕೂ ಮುಟ್ಟುವಂತೆ ಅವಳು ಮಾಡಿಟ್ಟಿದ್ದಳು. ಆಯುಧಪೂಜೆಯ ದಿನ, ಖಂಡೇನವಮಿಯ ಮಧ್ಯಾಹ್ನ, ಅಂಥ ಒಂದು ಆಜ್ಞೆ ಹೊರಟಿತ್ತೆಂಬುದು ಇವತ್ತು ಬೆಳಿಗ್ಗೆ ಗೊತ್ತಾಗಿತ್ತು. ಅದು ಶೀತಲ ನೋಡಿದ ಪುಟದ್ದೇ, ೨೪೧೭ ನಂಬರಿನದು.

“ರೇಣು, ಪೂಜಾಕ್ಕ ಕುಂತಾಗ ಇದು ಚಾಲೂ ಇತ್ತೇನವಾ?”

“ಇಲ್ಲ ಸರ್, ಆಫ್ ಮಾಡಿದ್ವಿ. ಬಾಸ್ ನಾಲ್ಕನ್ನೂ ಆಫ್ ಮಾಡು ಅಂದ್ರು. ಅವರ ತಂದೆ ಪ್ರಿಂಟಿಂಗ್ ಪ್ರೆಸ್ ನಡೆಸ್ತಿದ್ದಾಗ ಖಂಡೇನವಮಿ ದಿನ ಯಾವ ಮಷಿನ್ನೂ ಓಡ್ತಿರ್ಲಿಲ್ವಂತೆ. ನಾಲ್ಕೂ ಆರಿಸಿದ್ರೆ ಸೈಟೇ ಬಂದ್ ಆಗತ್ತೆ. ಕೊನೆಗೆ ಎಲ್ಲದರ ಪರವಾಗಿ ಒಂದು ಕೂರ್ಲಿ ಅಂತ ಒಪ್ಪಿಸ್ದೆ. ಬೆಳಿಗ್ಗೆ ಆರಿಸಿದ್ದು, ಮಾರನೇ ದಿನ ಬನ್ನಿ ಹಂಚಿ ಆದ್ಮೇಲೇ…”

ಅವಳ ಬೆರಳುಗಳು ನಿಂತವು.

“ಸರ್,” ಎಂದಳು ನಿಧಾನವಾಗಿ. “ಅಳಿಸು ಅಂತ ಆಜ್ಞೆ ಬಂದಾಗ ಇದು ಎಚ್ಚರ ಇರ್ಲೇ ಇಲ್ಲ.”

“ಅಂದ್ರ ಇದು ಕೇಳಿಸ್ಕೊಂಡೇ ಇಲ್ಲ.”

“ಕೇಳಿಸ್ಕೊಂಡಿಲ್ಲ.”

ಮುರುಗೆಪ್ಪನ ಕೈಯಲ್ಲಿನ ಕೀಲಿಯ ಸದ್ದು ನಿಂತಿತು.  ಸುಟ್ಟು ಬೂದಿಯಾದ ಗೋದಾಮಿನಲ್ಲಿ ಒಂದು ಮೂಟೆ ಮಾತ್ರ ಸುಡದೆ ಉಳಿದಿದ್ದನ್ನು ಕಂಡಾಗಲೆಲ್ಲ ಅವನು ಹೀಗೇ ನಿಂತುಬಿಡುತ್ತಿದ್ದ.

“ಮತ್ತ ಎದ್ದ ಮ್ಯಾಲೆ ಇಷ್ಟ ದಿವಸ ಯಾರಿಗೂ ಯಾಕ ಕಾಣಲಿಲ್ಲ? ಪಕ್ಕದ್ದು ಕೇಳಿದ್ರ ಕೊಡಬೇಕಲ್ಲ?”

ರೇಣುವಿನ ಮುಖ ಕೆಂಪಾಯಿತು. “ಯಾರೂ ಅದನ್ನ ಕೇಳ್ತಾನೇ ಇಲ್ಲ ಸರ್. ಮಲಗಿರೋದನ್ನ ಉಳಿದವು ಕೂಗ್ತಾ ಕಾಯಬಾರ್ದು ಅಂತ ಅಕ್ಕಪಕ್ಕದವರ ಸಾಲಿಂದ ಇದರ ಹೆಸರು ತೆಗೆದಿದ್ದೆ, ಗಿರಾಕಿಗಳನ್ನ ಇದರ ಹತ್ರ ಕಳಿಸೋದನ್ನೂ ನಿಲ್ಲಿಸಿದ್ದೆ. ವಾಪಸ್ ಹಾಕೋದು ಮರೆತೆ. ದಸರೆ ದಿನ ಆನ್ ಮಾಡಿ ಹಾಗೇ ತುಮಕೂರಿನ ಬಸ್ ಹತ್ತಿದವಳು ಮೊನ್ನೆ ಬಂದೆ.”

“ಭಾಳ ಚಲೋ ಮರತಿ ತಗೀವಾ,” ಎಂದ ಮುರುಗೆಪ್ಪ. ಬಾಗಿಲ ತನಕ ಹೋದ, ಅಲ್ಲಿಂದ ತಿರುಗಿ ಬಂದ, ಮತ್ತೆ ಬಾಗಿಲಿಗೆ ಹೋದ. “ನೀ ತಗಿಯೂ ತಯಾರಿ ಮಾಡು. ನಾ ಹೊರಗ ಆ ತಾಯಿಗೆ ಒಂದು ಮಾತು ಹೇಳಿ ಬರ್ತೀನಿ.”

* * *

ಹಳೆಯ ವಾಡೆಯ ಎರಡನೇ ಮಾಳಿಗೆ ಅದು. ಮರದ ಮೆಟ್ಟಿಲ ತುದಿಯ ಬೆಂಚಿನ ಮೇಲೆ ಶೀತಲಳ ತಾಯಿ ಶಿವಗಂಗವ್ವ ಬೆಳಗಿನಿಂದ ಕೂತಿದ್ದಳು. ತೊಡೆಯ ಮೇಲೆ ಬುತ್ತಿಯ ಸ್ಟೀಲ್ ಡಬ್ಬಿ. ಒಂದು ತುತ್ತನ್ನೂ ಮುಟ್ಟಿರಲಿಲ್ಲ. ಕೆಳಗೆ ಬೀದಿಯಲ್ಲಿ ರಿಕ್ಷಾಗಳ ಗಲಾಟೆ. ದೀಪಾವಳಿ ಇನ್ನೂ ದೂರವಿದ್ದರೂ ಯಾರದೋ ಮನೆಯ ಪಟಾಕಿ ಆಗಲೇ ಸಿಡಿಯುತ್ತಿತ್ತು. ಪ್ರತಿ ಸಿಡಿತಕ್ಕೂ ಅವಳ ಭುಜ ಕಂಪಿಸುತ್ತಿತ್ತು.

“ಸಿಕ್ಕಿತೇನ್ರಿ, ಅಣ್ಣಾರ?”

ಮನೆಯಲ್ಲೇ ಇರಿ ಎಂದರೂ ಕೇಳದೆ ಬಂದವಳು ಅವಳು. ಇಲ್ಲಿಗೆ ಬರುವ ಮೊದಲು, ಬೆಳಗಾಗುತ್ತಲೇ ಕೋಥರೂಡದ ಅವಳ ಮನೆಗೆ ಹೋದಾಗ ಮುರುಗೆಪ್ಪನನ್ನು ಮಂಚದ ಮೇಲೆ ಕೌದಿ ಹಾಸಿ ಕೂರಿಸಿದ್ದಳು. ಹಳೆಯ ಸೀರೆ, ಧೋತರಗಳ ತುಂಡು ಹಚ್ಚಿ ಅವಳೇ ಹೊಲಿದ ಕೌದಿ. ನಡುವೆ ಒಂದು ನೀಲಿ ಚೌಕ. “ಇದು ಶೀತಲನ ಸಾಲಿ ಲಂಗದ್ದು, ಅಣ್ಣಾರ,” ಎನ್ನುತ್ತ ಆ ಚೌಕವನ್ನು ಅಂಗೈಯಿಂದ ಸವರಿದ್ದಳು. ನೀಲಿಯ ಪಕ್ಕಕ್ಕೆ ತಾನು ಉಟ್ಟುಬಿಟ್ಟ ಇಳಕಲ್ಲಿನ ಕೆಂಪು ಸೆರಗಿನ ಪಟ್ಟಿ. “ಈ ಕೌದಿ ಈ ಮಂಚಾ ಬಿಟ್ಟು ಎಲ್ಲಿಗೂ ಹೋಗಿಲ್ರಿ. ತೌರಮನಿಗೆ ಹೋದ್ರೂ ಒಯ್ಯೂದಿಲ್ಲ ನಾ.”

ಆ ವರನ ಬಗ್ಗೆ ಕೇಳಿದಾಗ ತಲೆ ಅಲ್ಲಾಡಿಸಿದ್ದಳು. “ಅವನ ಮಾರಿ ನಾ ನೋಡಿಲ್ರಿ. ನಮ್ಮ ಮನಿ ಹೊಸ್ತಲಾ ತುಳದವ ಅಲ್ಲ ಅಂವ.”

ಮುಖ ನೋಡಿದವರು ಬೇರೆ ಯಾರೂ ಇರಲಿಲ್ಲ. ಶೀತಲ ಕೆಲಸ ಮಾಡುತ್ತಿದ್ದ ದವಾಖಾನೆಯ ಜೊತೆಗಾತಿ ದುರ್ಗಾ ಎಂಬವಳಿಗೆ ಮಾತ್ರ ಆ ಪುಟದ ನಂಬರು ನೆನಪಿತ್ತು, ದವಾಖಾನೆಯ ಫೋನಿನ ಕೊನೆಯ ನಾಲ್ಕು ಅಂಕಿಗಳೂ ಅವೇ ಆದದ್ದರಿಂದ. ಶೀತಲ ಅವಳಿಗೊಮ್ಮೆ ಫೋಟೊ ತೋರಿಸಲು ಹೋಗಿದ್ದಳು. ಇಂಟರ್‌ನೆಟ್ಟು ಎಷ್ಟು ನಿಧಾನವಾಗಿತ್ತೆಂದರೆ, ವರನ ತಲೆಗೂದಲು ಕಾಣಿಸುವಷ್ಟರಲ್ಲಿ ಡಾಕ್ಟರು ಬಂದರು. ದುರ್ಗಾ ನೋಡಿದ್ದು ಕೂದಲು ಮಾತ್ರ. ಎಡಕ್ಕೆ ಬೈತಲೆ ತೆಗೆದಿದ್ದ ಕೂದಲು.

“ಸಿಗೂ ಹಂಗ ಕಾಣ್ತದರಿ ಅಕ್ಕಾರ,” ಎಂದ ಮುರುಗೆಪ್ಪ, ಆಸೆ ತಡೆಯಲಾರದೆ. “ಅಳಸಿದವರು ಮೂರು ಕಡೆ ಅಳಸ್ಯಾರ. ಒಂದು ಕಡೆ ಉಳದದ.”

ಶಿವಗಂಗವ್ವನ ಮುಖದ ಬಣ್ಣ ಇಳಿಯಿತು. ಡಬ್ಬಿಯ ಮುಚ್ಚಳದ ಮೇಲೆ ಅವಳ ಬೆರಳುಗಳು ಬಿಗಿದುಕೊಂಡವು. ಆಸೆ ಹೆಚ್ಚಾದರೂ ಮನುಷ್ಯರು ಹೀಗಾಗುತ್ತಾರೆ ಎಂದುಕೊಂಡ ಮುರುಗೆಪ್ಪ. ಮಗಳೊಬ್ಬಳೇ ಅವಳಿಗೆ. ಇವತ್ತು ಆ ಪುಟ ಕೈಗೆ ಸಿಗದಿದ್ದರೆ ಶೀತಲಳನ್ನು ಹುಡುಕಲು ಅವನ ಬಳಿ ಬೇರೊಂದು ಎಳೆಯೂ ಇಲ್ಲ. ಪೊಲೀಸರಂತೂ ಅಂಥ ಪುಟವೇ ಇರಲಿಲ್ಲ, ಹುಡುಗಿ ತಾನಾಗಿ ಹೋಗಿದ್ದಾಳೆ ಎಂದು ಕೈ ತೊಳೆದುಕೊಂಡಿದ್ದರು.

“ಎರಡು ತುತ್ತು ಉಣ್ರಿ ಅಕ್ಕಾರ,” ಎಂದು ಹೇಳಿ ಅವನು ಒಳಗೆ ಓಡಿದ.

* * *

ರೇಣು ತಯಾರಿ ಮಾಡಿರಲಿಲ್ಲ. ಉಗುರು ಕಚ್ಚುತ್ತ ನಿಂತಿದ್ದಳು.

“ಮುಟ್ಟೋಕೆ ಭಯ ಆಗ್ತಿದೆ ಸರ್. ಮೂರನೇದರ ಒಳಗೆ ನೇರವಾಗಿ ಹೋಗೋಕೆ ಪಾಸ್‌ವರ್ಡ್ ಬೇಕು. ನಾನು ರಜದಲ್ಲಿದ್ದಾಗ ಮಹೇಶ್ ಸರ್ ಎಲ್ಲ ಪಾಸ್‌ವರ್ಡೂ ಬದಲಾಯಿಸಿದ್ದಾರೆ. ನನಗೆ ಕೊಟ್ಟಿರೋದು ಒಂದನೇದ್ದು ಮಾತ್ರ.”

ಮಹೇಶಕುಮಾರ ಇಲ್ಲಿಯ ಮ್ಯಾನೇಜರು. ೨೪೧೭ ಎಂಬ ನಂಬರನ್ನು ನಾವು ಯಾರಿಗೂ ಕೊಟ್ಟೇ ಇಲ್ಲ ಎಂದು ಪೊಲೀಸರಿಗೆ ಬರೆದುಕೊಟ್ಟವನು ಅವನೇ.

“ಒಂದನೇದರ ಕಡಿಂದ ಕೇಳಸು. ಪಕ್ಕದವರು ಕೇಳಿದ್ರ ಕೊಡ್ತದಲ್ಲ?”

“ಕೊಡತ್ತೆ. ಆದ್ರೆ ಕೊಡೋ ಮೊದ್ಲು, ಇದು ತುಂಬ ಹಳೇದಾಯ್ತು, ಇನ್ನೂ ಸರಿ ಇದೆಯಾ ಅಂತ ಮೇನ್ ಸರ್ವರನ್ನ ಕೇಳತ್ತೆ. ಅದು, ಅಂಥದ್ದು ಇಲ್ಲವೇ ಇಲ್ಲ ಅನ್ನತ್ತೆ. ತಕ್ಷಣ ಇದು ತನ್ನ ಕಾಪೀನೂ ಎಸೆದು ಬಿಡತ್ತೆ. ನಾವು ಕೇಳಿದ್ದಕ್ಕೇ ಅದು ಸತ್ತು ಹೋಗತ್ತೆ ಸರ್.”

“ಹಂಗಾರ ಕೇಳೂದ ಬ್ಯಾಡ. ನಾಳೆ ನಿಮ್ಮ ಮಾಲಕರು ದಿಗಂಬರಪಂತರಿಗೆ ಹೇಳಿ…”

“ನಾಳೆ ಇರಲ್ಲ. ಇಷ್ಟು ದಿನ ಯಾರೂ ಕೇಳದ್ದನ್ನೆಲ್ಲ ಅದೇ ಗುಡಿಸಿ ಹಾಕತ್ತೆ. ಇವತ್ತು ಸಂಜೆ ಆರಕ್ಕೆ ಆ ಗುಡಿಸೋ ಸರದಿ ಇದೆ.”

ಗೋಡೆಯ ಗಡಿಯಾರ ಐದು ದಾಟಿತ್ತು. ಮುರುಗೆಪ್ಪ ಎರಡು ಸುತ್ತು ಹಾಕಿದ.

“ಗೋದಾಮಿನ ಬಾಗಲಾನ ಮುಚ್ಚಿಬಿಟ್ರ? ಇದು ಹೋಗಿ ಬಡದು ಬಡದು, ಒಳಗಿಂದ ಯಾರೂ ಓ ಅನ್ನಲಿಲ್ಲ ಅಂದ್ರ ಏನ ಮಾಡ್ತದ?”

ರೇಣುವಿನ ಕಣ್ಣು ಅರಳಿತು. “ಉತ್ತರ ಬರಲಿಲ್ಲ ಅಂದ್ರೆ ಇದ್ದಿದ್ದನ್ನೇ ಕೊಡತ್ತೆ. ಮೇನ್ ಸರ್ವರಿನ ಕೇಬಲ್ ಕಿತ್ತುಬಿಟ್ರೆ ಆಯ್ತು.” ಮರುಕ್ಷಣವೇ ಹುಬ್ಬು ಗಂಟಾಯಿತು. “ಆದ್ರೆ ಮಹೇಶ್ ಸರ್‌ಗೆ ಎರಡು ನಿಮಿಷದಲ್ಲಿ ಫೋನ್ ಬರತ್ತೆ, ಹೊಸ ಪುಟ ತೆಗೀತಿಲ್ಲ ಅಂತ. ಅವರು ಕೂತಲ್ಲಿಂದಲೇ ನಾಲ್ಕಕ್ಕೂ ಇನ್ನೊಂದು ಸಲ ಅಳಿಸು ಅಂದ್ರೆ ಮುಗೀತು. ಈಗ ಮೂರನೇದೂ ಎಚ್ಚರ ಇದೆ.”

“ಅಂವ ಕೀಲಿಮಣಿ ಮುಟ್ಟಲಾರದಂಗ ನಾ ನೋಡ್ಕೋತೀನಿ.”

“ಸರ್, ಇನ್ನೊಂದು. ಹೊರಗಿನ ಲೈನ್ ಕೂಡ ತೆಗೆದುಬಿಡ್ಲಾ? ಒಂದನೇದಕ್ಕೆ ಕಾಪಿ ಬಂದ್ಮೇಲೆ ಅದು ಕೇಳಿದೋರಿಗೆಲ್ಲ ಕೊಡತ್ತೆ. ಅದನ್ನ ಸರಿಯಾಗಿ ಮಾಡೋಕೆ ಸ್ವಲ್ಪ ಹೊತ್ತು ಬೇಕು.”

“ಹೊತ್ತೆಲ್ಲದ ರೇಣು? ಇಡೀ ಸೈಟ ಬಂದಾದ್ರ ಎಲ್ಲಾರೂ ಎದ್ದು ಇಲ್ಲಿಗೇ ಓಡಿ ಬರ್ತಾರ. ಆ ಪುಟಾ ಈಗ ಯಾರ ಕೇಳ್ತಾರ? ಬಿಡು ಅದನ್ನ. ಲಗೂನ ಮಾಡು.”

ರೇಣು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಬಾಗಿಲಾಚೆ ಇದ್ದ.

* * *

ಮಹೇಶಕುಮಾರನ ಕೋಣೆಯಲ್ಲಿ ಮಾಲೀಕ ದಿಗಂಬರಪಂತರು ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದರು. ತಂದೆಯ ಪ್ರೆಸ್ಸಿನ ಜಾಗದಲ್ಲೇ ಅವರು ಈ ವಿವಾಹ ತಾಣ ತೆರೆದದ್ದು. ಪುಣೆಯಲ್ಲೇ ಹುಟ್ಟಿ ಬೆಳೆದ ಅವರ ಕನ್ನಡದಲ್ಲಿ ಅರ್ಧ ಮರಾಠಿ.

“ಯಾ, ಯಾ, ಬರ್ರಿ ಮುರುಗೆಪ್ಪ. ಚಹಾ ತಗೋರಿ. ಅರೇ, ಬಸಾ ನಾ.”

ಮುರುಗೆಪ್ಪ ಕೂತ. ಆದರೆ ಕುರ್ಚಿಯ ಮೇಲಲ್ಲ, ಮಹೇಶಕುಮಾರನ ಮೇಜಿನ ಅಂಚಿನ ಮೇಲೆ. ಕೈಯಲ್ಲಿದ್ದ ಸ್ಕೂಟರ್ ಕೀಲಿಯನ್ನು ಮೇಜಿನ ಮೇಲಿನ ಕೀಲಿಮಣೆಯ ನಟ್ಟನಡುವೆ ಇಟ್ಟ, ಅದರ ಮೇಲೆ ತನ್ನ ಅಂಗೈ ಇಟ್ಟ.

ಮಹೇಶಕುಮಾರ ಮೂವತ್ತೈದರ ಅಚ್ಚುಕಟ್ಟು ಮನುಷ್ಯ. ಇಸ್ತ್ರಿಯ ಗೆರೆ ಕೂಡ ಮುರಿಯದಂತೆ ಕೂರುವವನು. “ಇದೇನ್ರಿ ಸರ್, ಕೆಲಸಾ ಮಾಡೂದದ ನನಗ.”

“ಒಂದೇ ಮಾತ್ರಿ. ಖಂಡೇನವಮಿ ದಿವಸ ಮಧ್ಯಾಹ್ನ ಎಲ್ಲಿದ್ರಿ?”

“ಹೇಳೀನಲ್ರಿ ಮೊದಲ. ಪೂಜಾಕ್ಕ ಇದ್ದೆ.”

“ಪೂಜಾ ಹೆಂಗಾತು?”

“ಹೆಂಗಾತು ಅಂದ್ರ? ಎಲ್ಲಾ ಕಡೆ ಆಗೂ ಹಂಗ. ಮಷಿನಿಗೆ ಕುಂಕುಮ ಹಚ್ಚಿದ್ವಿ, ಹಾರಾ ಹಾಕಿದ್ವಿ, ನಾರಳಾ ಒಡದ್ವಿ.”

“ಎಷ್ಟ ಮಷಿನಿಗೆ ಹಾರಾ?”

“ನಾಲ್ಕಕ್ಕೂ.”

ದಿಗಂಬರಪಂತರ ಬಸಿ ಬಾಯಿಯ ಹತ್ತಿರವೇ ನಿಂತಿತು.

“ನಾಲ್ಕೂ ಚಾಲೂ ಇದ್ವೇನ್ರಿ?” ಮುರುಗೆಪ್ಪ ಹವಾಮಾನ ಕೇಳಿದಷ್ಟು ಸಹಜವಾಗಿ ಕೇಳಿದ.

“ಚಾಲೂ ಇರಲಾರದ ಹೆಂಗ? ಸೈಟ ನಡದಿತ್ತಲ್ಲ.”

“ಮಹೇಶ,” ಎಂದರು ದಿಗಂಬರಪಂತರು ಬಸಿ ಕೆಳಗಿಡುತ್ತ. “ಅರೇ ಬಾಬಾ, ಹಾರಾ ಒಂದಕ್ಕಷ್ಟ ಹಾಕಿದ್ದೆ ನಾ. ಮೂರನೇದ್ದನ್ನ ಬಂದ್ ಮಾಡಿ ಕೂಡ್ರಿಸಿದ್ವಿ. ಆ ಪೋರಿ ಜೋಡಿ ಅದಕ್ಕಂತನ ಎಷ್ಟು ಭಾಂಡಾಭಾಂಡಿ, ಜಗಳಾ ಆತು. ನೀ ಇರಲೇ ಇಲ್ಲ?”

ಮಹೇಶಕುಮಾರ ಅವರನ್ನು ನೋಡಿದ, ಮುರುಗೆಪ್ಪನನ್ನು ನೋಡಿದ, ಕೀಲಿಮಣೆಯ ಮೇಲಿನ ಕೈಯನ್ನು ನೋಡಿದ. ಮೇಜಿನ ಮೇಲಿನ ಫೋನು ಅದೇ ಹೊತ್ತಿಗೆ ಬಡಿದುಕೊಂಡಿತು. ರೇಣು ಕೇಬಲ್ ಕಿತ್ತಿದ್ದಾಳೆ ಎಂದು ಮುರುಗೆಪ್ಪನಿಗೆ ಗೊತ್ತಾಯಿತು. ಅಂಗೈಯನ್ನು ಕೀಲಿಮಣೆಯ ಮೇಲೆ ಇನ್ನಷ್ಟು ಊರಿದ.

“ಫೋನ್ ತಗೋಬೇಕ್ರಿ ನಾ.”

“ಬಡಕೊಳ್ಳಿ ಬಿಡ್ರಿ. ಪೂಜಾಕ್ಕ ಇದ್ದವರಿಗೆ ಮೂರನೇ ಮಷಿನ್ ಮಲಗೇದ ಅಂತ ಗೊತ್ತಿತ್ತು. ಅವರು ಆವತ್ತು ಅಳಸ್ರಿ ಅಂತ ಹುಕುಂ ಕೊಡ್ತಿದ್ದಿಲ್ಲ, ಒಂದರಾಗ ಉಳೀತದ ಅಂತ ತಿಳೀತಿತ್ತು ಅವರಿಗೆ. ಗೊತ್ತಿಲ್ಲದವನೇ ಕೊಟ್ಟಾನ. ಪಾಸ್‌ವರ್ಡ್ ಗೊತ್ತಿದ್ದವರು ನೀವು ಮೂರು ಮಂದಿ. ಅದರಾಗ ಇಬ್ಬರು ಆವತ್ತು ಮುಂಜಾನೆ ಅದನ್ನ ಬಂದ್ ಮಾಡೂ ಸಂಬಂಧನ ಜಗಳಾಡಿದವರು.”

ಫೋನು ನಿಂತು ಮತ್ತೆ ಬಡಿದುಕೊಂಡಿತು. ಮಹೇಶಕುಮಾರನ ಕೈ ಕೀಲಿಮಣೆಯತ್ತ ಸರಿಯಿತು. ಮುರುಗೆಪ್ಪ ತನ್ನ ಕೈ ತೆಗೆಯಲಿಲ್ಲ. ಎರಡು ಕೈಗಳೂ ಒಂದಕ್ಕೊಂದು ತಾಗಿ ನಿಂತವು. ಮಹೇಶಕುಮಾರನ ಬೆರಳುಗಳು ತಣ್ಣಗಿದ್ದವು.

“ಆ ಹುಡುಗಿ ಎಲ್ಲದಾಳ, ಮಹೇಶಕುಮಾರ?”

“ದೇವರಾಣಿ ನನಗ ಗೊತ್ತಿಲ್ರಿ.” ಅವನ ಧ್ವನಿ ಒಡೆಯಿತು. “ನಾ ಅಳಸಿದ್ದು ಖರೆ. ಅವ್ವನ್ನ ಸಿಂದಗಿ ಬಸ್ ಹತ್ತಸಾಕ ಸ್ವಾರಗೇಟಕ್ಕ ಹೋಗಿದ್ದೆ, ಅಲ್ಲೇ ಒಂದು ಸೈಬರ್ ಕೆಫೆದಿಂದ ಅಳಸಿದೆ. ಆಮ್ಯಾಲೆ ಆ ಹುಡುಗಿ ಕಳದಾಳ ಅಂತ ಪೊಲೀಸರು ಬಂದ್ರು. ಹೆದರಿ ಪಾಸ್‌ವರ್ಡೆಲ್ಲ ಬದಲಿ ಮಾಡಿದೆ, ಆ ನಂಬರ ಇದ್ದೇ ಇಲ್ಲ ಅಂದೆ. ಅಷ್ಟ.”

“ಯಾರು ಅಳಸಂದ್ರು?”

“ಹಿಂದಿನ ದಿವಸ ಒಬ್ಬ ಹೆಣಮಗಳು ಫೋನ್ ಮಾಡಿದ್ರು. ಭಾಳ ಅಳ್ತಿದ್ರು. ನಿಮ್ಮ ಕಾಲಿಗೆ ಬೀಳ್ತೀನಪ್ಪಾ, ಆ ಪುಟಾ ತಗೀ, ಅದರಾಗ ಒಂದು ಹುಡುಗೀ ಜೀವಾನ ಅದ ಅಂದ್ರು. ವಯಸ್ಸಾದವರು. ಮಾತು ನಮ್ಮ ಕಡೇದ ಇತ್ತು. ಹುಡುಗನ ತಾಯಿ ಇರಬೇಕು, ಏನೋ ಮುರದು ಬಿದ್ದದ ಅಂತ ತಿಳದೆ. ನಮ್ಮವ್ವ ಕಣ್ಣ ಮುಂದ ಬಂದಂಗಾತ್ರಿ ನನಗ.”

“ಹೆಸರು?”

“ಹೇಳಲಿಲ್ಲ.”

ದಿಗಂಬರಪಂತರು ಎದ್ದು ನಿಂತಿದ್ದರು. ಸಿಟ್ಟಿಗೆ ಅವರ ಕನ್ನಡ ಪೂರ್ತಿ ಓಡಿಹೋಗಿ ಬರೀ ಮರಾಠಿ ಉಳಿದಿತ್ತು. ಮುರುಗೆಪ್ಪನಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಮಹೇಶಕುಮಾರ ಸುಳ್ಳು ಹೇಳುತ್ತಿಲ್ಲ ಎಂದು ಅವನಿಗೆ ಅನಿಸಿತು, ಹಾಗೆ ಅನಿಸಿದ್ದೇ ಕಸಿವಿಸಿಯಾಯಿತು. ಕಳ್ಳ ಸಿಕ್ಕ ಎಂದುಕೊಂಡರೆ ಕೈಗೆ ಬಂದದ್ದು ಹೆದರಿದ ಗುಮಾಸ್ತ.

“ಪಂತರೇ, ಇವರು ಈ ಕುರ್ಚಿಯಿಂದ ಏಳಬಾರದು, ಈ ಕೀಲಿಮಣಿ ಮುಟ್ಟಬಾರದು. ನಿಮ್ಮ ಜವಾಬ್ದಾರಿ ಅದು.”

ಬಾಗಿಲಲ್ಲಿ ರೇಣು ನಿಂತಿದ್ದಳು. ಓಡಿಬಂದ ಉಸಿರು.

“ಸರ್, ಬಂತು.”

* * *

ಯಂತ್ರಗಳ ಕೋಣೆಯಲ್ಲಿ ಎರಡು ಪರದೆಗಳು. ಒಂದರಲ್ಲಿ, ಒಂದನೆಯ ಯಂತ್ರವನ್ನು ಹೊರಗಿನವರು ಏನೇನು ಕೇಳುತ್ತಿದ್ದಾರೆ ಎಂಬುದು ಸಾಲುಸಾಲಾಗಿ ಮೇಲಕ್ಕೆ ಸರಿಯುತ್ತಿತ್ತು. ಇನ್ನೊಂದರಲ್ಲಿ, ಎಲ್ಲರೂ ಇರಲೇ ಇಲ್ಲ ಎಂದ ಪುಟ ಇತ್ತು. ೨೪೧೭. ಹೆಸರಿನ ಜಾಗದಲ್ಲಿ ಬರೀ ‘ಪಿ’ ಎಂಬ ಒಂದಕ್ಷರ. ಊರು ಇಲ್ಲ, ಮನೆತನ ಇಲ್ಲ.

ಫೋಟೊ ಪರದೆಗಿಂತ ದೊಡ್ಡದಿತ್ತು. ಕಾಣುತ್ತಿದ್ದುದು ಮೇಲಿನ ಭಾಗ ಮಾತ್ರ: ಎಡಕ್ಕೆ ಬೈತಲೆ ತೆಗೆದ ಕೂದಲು.

“ಕೆಳಗ ಸರಿಸವಾ.”

ರೇಣು ಸರಿಸಿದಳು. ಹಣೆ. ಅಗಲವಾದ, ನೆರಿಗೆ ಮೂಡಿದ ಹಣೆ. ಕಣ್ಣುಗಳು. ವರನ ವಯಸ್ಸು ಮೂವತ್ತು ಎಂದು ಪಕ್ಕದಲ್ಲಿ ಬರೆದಿತ್ತು. ಈ ಕಣ್ಣುಗಳಿಗೆ ಐವತ್ತಾದರೂ ಆಗಿತ್ತು. ಮುರುಗೆಪ್ಪ ಎಂದೂ ನೋಡದ ಮುಖ. ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ತನ್ನ ಸ್ವಂತ ಮನೆಯಲ್ಲಿ ಕೂತ ಮನುಷ್ಯನ ನಿಶ್ಚಿಂತೆ ಇತ್ತು.

“ಇನ್ನೂ ಕೆಳಗ.”

ಬಿಳಿ ಅಂಗಿ. ಮಡಚಿದ ತೋಳು. ಮಂಚದ ಅಂಚಿಗೆ ಊರಿದ ಅಂಗೈ.

ಆ ಅಂಗೈಯ ಕೆಳಗೆ ಒಂದು ನೀಲಿ ಚೌಕ ಇತ್ತು. ಅದರ ಪಕ್ಕದಲ್ಲಿ ಇಳಕಲ್ಲಿನ ಕೆಂಪು ಸೆರಗಿನ ಪಟ್ಟಿ.

ಮುರುಗೆಪ್ಪ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತ.  ಅಂಥ ಕೌದಿ ಇನ್ನೊಂದು ಇರಲಾರದು. ಅದನ್ನು ಹೊಲಿದ ಕೈಗಳೇ ಬೆಳಿಗ್ಗೆ ಅವನಿಗೆ ಚಹಾ ಕೊಟ್ಟಿದ್ದವು. ಈ ಮಂಚ ಬಿಟ್ಟು ಎಲ್ಲಿಗೂ ಹೋಗಿಲ್ಲ ಎಂದಿದ್ದಳು. ಹೊಸ್ತಲು ತುಳಿದವನಲ್ಲ ಎಂದೂ ಅವಳೇ ಹೇಳಿದ್ದಳು. ಅತ್ತು ಫೋನ್ ಮಾಡಿದ ಹೆಣ್ಣುಮಗಳ ಹೆಸರು ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

“ಯಾರು ಸರ್ ಇವನು?” ಎಂದು ರೇಣು ಕೇಳಿದಳು.

ಹಿಂದೆ ಬಾಗಿಲು ಸದ್ದಾಯಿತು. ಶಿವಗಂಗವ್ವ ಒಳಗೆ ಬಂದಳು. ಬಂದವಳು ತಿರುಗಿ ಬಾಗಿಲಿನ ಅಗುಳಿ ಹಾಕಿದಳು.

“ಸಿಕ್ಕಿತೇನ್ರಿ, ಅಣ್ಣಾರ?”

ಅವೇ ಮಾತುಗಳು. ಮುರುಗೆಪ್ಪ ಎದ್ದು ಪರದೆಯ ಮುಂದಿನಿಂದ ಪಕ್ಕಕ್ಕೆ ಸರಿದ. ಅವಳು ಆ ಮುಖವನ್ನು ನೋಡಿದಳು. ಅಚ್ಚರಿಪಡಲಿಲ್ಲ.

“ಅಕ್ಕಾರ, ಇವನ್ನ ನೋಡಿಲ್ಲ ಅಂದಿದ್ರಿ.”

“ಅಂದಿದ್ದೆ.”

“ಆ ಪುಟಾ ಅಳಸ್ರಿ ಅಂತ ಫೋನ್ ಮಾಡಿದವರು ನೀವ ಏನು?”

ಅವಳು ಬುತ್ತಿಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. “ನಿಮ್ಮನ್ನ ನಾ ಹಚ್ಚಿದ್ದು ನನ್ನ ಮಗಳನ್ನ ಹುಡುಕಾಕ, ಅಣ್ಣಾರ. ಇವನ್ನ ಹುಡುಕಾಕ ಅಲ್ಲ. ಪುಟಾ ಇತ್ತಂತ ನಿಮಗ ಹೇಳಿದಾಕಿ ದುರ್ಗಾ, ನಾ ಅಲ್ಲ.”

“ಇಂವ ಯಾರು?”

“ಅಳಸ್ರಿ ಅದನ್ನ ಮೊದಲ. ಅಂವ ದಿನಾ ನೋಡ್ತಾನ. ಯಾವದೋ ಊರಾಗ ಕುಂತು ದಿನಾ ಅದ ಹೊತ್ತಿಗೆ ಆ ನಂಬರ ಹಾಕಿ ನೋಡ್ತಾನ. ಅದು ಕಾಣಲಾರದ ಇರೂತನಕ ಶೀತಲನ ಮೈ ಮುಟ್ಟೂದಿಲ್ಲ, ಕಂಡ್ರ ಬಿಡೂದಿಲ್ಲ ಅಂತ ಹೇಳ್ಯಾನ. ನನ್ನ ಮಗಳು ಜೀವಂತ ಬೇಕಂದ್ರ ಅಳಸ್ರಿ, ಅಣ್ಣಾರ. ಈಗಿಂದೀಗ ಅಳಸ್ರಿ.”

ಅವಳ ಕಣ್ಣಲ್ಲಿ ನೀರು ಇರಲಿಲ್ಲ. ಅತ್ತು ಮುಗಿಸಿದವರ ಕಣ್ಣು ಅವು. ಮುರುಗೆಪ್ಪನಿಗೆ ತನ್ನ ಅವಸರ ನೆನಪಾಯಿತು, ಬಾಗಿಲಾಚೆ ಓಡುವ ಮೊದಲು ರೇಣು ತೆರೆದ ಬಾಯಿ ನೆನಪಾಯಿತು. ಹೊರಗಿನ ಲೈನ್ ತೆಗೆದುಬಿಡ್ಲಾ ಸರ್ ಎಂದು ಅವಳು ಕೇಳಿದ್ದಳು. ಬಿಡು ಅದನ್ನ ಎಂದವನು ಅವನೇ.

“ರೇಣು,” ಎಂದ. “ಹೊರಗಿನ ಲೈನ್ ತಗೀ. ಲಗೂ.”

ರೇಣು ಅಲುಗಾಡಲಿಲ್ಲ. ಸಾಲುಗಳು ಮೇಲೆ ಸರಿಯುವ ಪರದೆಯನ್ನೇ ನೋಡುತ್ತಿದ್ದಳು. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು, ಆ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿದ್ದವು.

“ಸರ್, ಈಗಷ್ಟೇ ಹೊರಗಿನಿಂದ ಯಾರೋ ಈ ಪುಟಾನೇ ಕೇಳಿದ್ರು,” ಎಂದಳು. “ಮಷಿನ್ ಕೊಟ್ಟೂಬಿಟ್ಟಿದೆ.”